ಕೋಲಾರದ ಕೃಷಿ ಹೊಂಡದಲ್ಲಿ ರಫ್‌ಐ ರಾಕ್‌ಫಿಶ್ ಸಾಕಬಹುದೇ?

ಆಗದು. ನೀರಿಗೆ ಉಪ್ಪು ಬೆರೆಸಿದರೂ ಆಗದು. ಇದು ಉತ್ತರ ಪೆಸಿಫಿಕ್‌ನ ಮೀನು, ವೈಜ್ಞಾನಿಕ ಹೆಸರು ಸೆಬಾಸ್ಟಿಸ್ ಅಲ್ಯೂಷಿಯಾನಸ್. ಬಲಿತವು ಹೆಚ್ಚಾಗಿ 150ರಿಂದ 450 ಮೀಟರ್ ಆಳದಲ್ಲಿ, ಬಂಡೆ ತುಂಬಿದ ಕಡಿದಾದ ಇಳಿಜಾರಿನ ತಳದಲ್ಲಿರುತ್ತವೆ. ಅಲ್ಲಿನ ನೀರು ಫ್ರಿಜ್‌ನಷ್ಟು ತಣ್ಣಗೆ. ನಮ್ಮ ಹೊಂಡಗಳೋ ಸುಮಾರು 3 ಮೀಟರ್ ಆಳ, ಬೇಸಿಗೆಯಲ್ಲಿ ಬಿಸಿನೀರು.

ಜೀವಂತ ಮೇಲೆ ತರುವುದೇ ಮೊದಲ ಕಷ್ಟ. 300 ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಗಿಂತ ಸುಮಾರು 31 ಪಟ್ಟು. ಇದರ ಗಾಳಿಚೀಲಕ್ಕೂ (ಮೀನು ತೇಲಲು ನೆರವಾಗುವ ಒಳಚೀಲ) ಅನ್ನನಾಳಕ್ಕೂ ನಡುವೆ ಕೊಳವೆ ಇಲ್ಲ, ಹಾಗಾಗಿ ಗಾಳಿಯನ್ನು ತೇಗಿ ಹೊರಹಾಕಲಾರದು. ಮೇಲೆಳೆದಂತೆ ಗಾಳಿ ಹಿಗ್ಗಿ ಚೀಲ ಒಡೆಯಬಹುದು, ಕಣ್ಣು ಉಬ್ಬುತ್ತವೆ, ಜಠರ ಬಾಯಿಗೆ ಬರುತ್ತದೆ. ಅದನ್ನೇ ಗಾಳಿಚೀಲವೆಂದು ಸೂಜಿಯಿಂದ ಚುಚ್ಚುವವರಿದ್ದಾರೆ, ಅದು ತಪ್ಪು. ಭಾರ ಕಟ್ಟಿದ ಕ್ಲಿಪ್‌ನಲ್ಲಿ ಹಿಡಿದು ತಕ್ಷಣ ಆಳಕ್ಕಿಳಿಸಿ ಬಿಟ್ಟರೆ ರಾಕ್‌ಫಿಶ್‌ಗಳು ಬದುಕುವ ಸಾಧ್ಯತೆ ಹೆಚ್ಚು.

ಬೆಳವಣಿಗೆಯೂ ಲಾಭಕ್ಕೆ ಹೇಳಿದ್ದಲ್ಲ. ಮರಿ ಹಾಕುವ ವಯಸ್ಸು ಬರಲು ಸುಮಾರು 20 ವರ್ಷ ಬೇಕು. ಮೊಟ್ಟೆ ತಾಯಿಯೊಳಗೇ ಒಡೆದು ಲಾರ್ವಾಗಳು ಹೊರಬರುತ್ತವೆ. ಕಿವಿಕಲ್ಲಿನ (ಮೀನಿನ ಒಳಗಿವಿಯ ಪುಟ್ಟ ಕಲ್ಲು) ವಾರ್ಷಿಕ ಉಂಗುರ ಎಣಿಸಿ ದಾಖಲಿಸಿದ ಗರಿಷ್ಠ ಆಯಸ್ಸು 205 ವರ್ಷ! ಗುರುತು ಬೇಕಿದ್ದರೆ ಕಣ್ಣಿನ ಕೆಳಅಂಚು ನೋಡಿ, ಅಲ್ಲಿ ಸಾಲಾಗಿ ಮುಳ್ಳುಗಳಿರುತ್ತವೆ. ತೀರಾ ಹೋಲುವ ಬ್ಲ್ಯಾಕ್‌ಸ್ಪಾಟೆಡ್ ರಾಕ್‌ಫಿಶ್‌ಗೂ ಇವೆ. 2008ರವರೆಗೆ ಎರಡನ್ನೂ ಒಂದೇ ಎಂದುಕೊಂಡಿದ್ದರು.

ಹೊಂಡಕ್ಕೆ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ ಬಿಡಿ.