ತೋಳು 16 ಇಂಚು, ಕನ್ನಡೀಲಿ ಮಾತ್ರ ಇನ್ನೂ ‘ಕಡ್ಡಿ’

ಪ್ರಶ್ನೆ: ಅಕ್ಕಾ, ನಂಗೆ 26 ವರ್ಷ, ದಾವಣಗೆರೆ. ನಾಲ್ಕು ವರ್ಷದಿಂದ ಜಿಮ್‌ಗೆ ಹೋಗ್ತಿದೀನಿ, 81 ಕೆಜಿ ಇದೀನಿ, ತೋಳು 16 ಇಂಚು. ಎಲ್ರೂ ಸಾಕು ಬಿಡಪ್ಪಾ ಅಂತಾರೆ, ಆದ್ರೆ ಕನ್ನಡೀಲಿ ಕಾಣೋದು ಕಾಲೇಜಲ್ಲಿ ‘ಕಡ್ಡಿ’ ಅಂತ ಕರೀತಿದ್ರಲ್ಲ, ಅದೇ ಹುಡುಗ. ದಪ್ಪ ಕಾಣ್ಲಿ ಅಂತ ಬೇಸಿಗೇಲೂ ಟೀಶರ್ಟ್ ಒಳಗೆ ಇನ್ನೊಂದು ಟೀಶರ್ಟ್ ಹಾಕ್ತೀನಿ. ದಿನಕ್ಕೆ ಮೂರು ಸಲ ಟೇಪ್ ಹಿಡೀತೀನಿ. ಅಕ್ಕನ ಸೀಮಂತದ ದಿನ ಜಿಮ್‌ನಲ್ಲಿ ಲೆಗ್ ಡೇ (ಕಾಲಿನ ಕಸರತ್ತಿನ ದಿನ) ಇತ್ತು ಅಂತ ಹೋಗ್ಲಿಲ್ಲ. ಈಗ ಮದುವೆ ಗೊತ್ತಾಗಿದೆ. ಒಂದು ಕೋರ್ಸ್ ಇಂಜೆಕ್ಷನ್ ಹಾಕ್ಸು, ಮೂರು ತಿಂಗಳಲ್ಲಿ ಬಾಡಿ ಬರುತ್ತೆ ಅಂತಿದಾರೆ ಟ್ರೈನರ್. ಹಾಕಿಸ್ಕೊಳ್ಲಾ?

ಉತ್ತರ: ಬೇಡ ತಮ್ಮಾ. ಅದನ್ನ ಮೊದ್ಲೇ ಹೇಳ್ಬಿಡ್ತೀನಿ, ಯಾಕೆ ಅಂತ ಆಮೇಲೆ.

ನೀನು ಸಣ್ಣ ಇಲ್ಲ, ಅದು ನಿಂಗೂ ಗೊತ್ತು, ಅದಕ್ಕೇ ಕೆಜಿ ಇಂಚು ಎಲ್ಲಾ ಲೆಕ್ಕ ಹಾಕಿ ಬರೆದಿದೀಯ, ಆದ್ರೆ ಕಣ್ಣು ಒಪ್ತಿಲ್ಲ. ಇದು ನಿನ್ನೊಬ್ಬನ ಕಥೆ ಅಲ್ಲ. ಅಮೆರಿಕದ ಮನೋವೈದ್ಯ ಹ್ಯಾರಿಸನ್ ಪೋಪ್ ಮತ್ತೆ ಜೊತೆಯವರು 1993ರಲ್ಲಿ 108 ಬಾಡಿಬಿಲ್ಡರ್‌ಗಳನ್ನ ಮಾತಾಡ್ಸಿದಾಗ 9 ಜನ ಹೀಗೇ ಹೇಳಿದ್ರು, ಒಳ್ಳೆ ಕಟ್ಟುಮಸ್ತಾದ ಆಳುಗಳು, ನಾವು ಸಣ್ಕಲು ಅಂತ ಸಡಿಲ ಬಟ್ಟೆ ಹಾಕ್ಕೊಂಡು ಮೈ ಮುಚ್ಕೊಳೋರು. ಇದಕ್ಕೆ ಈಗ ಮಸಲ್ ಡಿಸ್ಮಾರ್ಫಿಯಾ ಅಂತಾರೆ, 2013ರಿಂದ ಮನೋವೈದ್ಯರ ಕೈಪಿಡೀಲೂ ಇದೆ. ನಿಂಗೆ ಅದೇ ಇದೆ ಅಂತ ಒಂದು ಪತ್ರ ಓದಿ ಹೇಳೋಕೆ ನಾನು ಡಾಕ್ಟರಲ್ಲ, ಆದ್ರೆ ಸೀಮಂತ ತಪ್ಪಿಸಿದ್ದು ಓದಿದಾಗ ಮಾತ್ರ ನಂಗೆ ಭಯ ಆಯ್ತು. ಜಿಮ್ ಹುಚ್ಚು ಎಷ್ಟೋ ಜನಕ್ಕೆ ಇರುತ್ತೆ, ಅವರು ಒಂದು ದಿನ ಬಿಟ್ಟು ಹೋಳಿಗೆ ತಿಂದು ಬರ್ತಾರೆ, ನಿನ್ ಕೈಲಿ ಅದು ಆಗ್ಲಿಲ್ಲ.

ಆ ಟೇಪ್ ಬಗ್ಗೆ ಒಂದು ಮಾತು. ಸೆಟ್ ಮುಗಿದ ತಕ್ಷಣ ತೋಳಿಗೆ ರಕ್ತ ನುಗ್ಗಿ ಊದಿರುತ್ತೆ, ಪಂಪ್ ಅಂತೀರಲ್ಲ ಅದೇ, ಗಂಟೆ ಎರಡು ಗಂಟೇಲಿ ಇಳಿಯುತ್ತೆ. ರಾತ್ರಿ ಅಳೆದ್ರೆ ಕಮ್ಮಿ ಬರದೆ ಇನ್ನೇನು? ಮಸಲ್ ಎಲ್ಲೂ ಹೋಗಿಲ್ಲ, ನಿನ್ ನಿದ್ದೆ ಮಾತ್ರ ಹೋಯ್ತು. ಇನ್ನು ಇನ್‌ಸ್ಟಾದಲ್ಲಿ ನೋಡ್ತೀಯಲ್ಲ, ಅವರೆಲ್ಲಾ ಪಂಪ್ ಇರೋ ಹೊತ್ತಲ್ಲೇ, ಮೇಲಿಂದ ಬೀಳೋ ಲೈಟಲ್ಲಿ, ಹೊಟ್ಟೆ ಒಳಗೆ ಎಳ್ಕೊಂಡು ತೆಗ್ಸಿರೋ ಫೋಟೋ, ಅದರಲ್ಲಿ ಎಷ್ಟು ಜನ ಇಂಜೆಕ್ಷನ್ ಗಿರಾಕಿಗಳೋ ದೇವರೇ ಬಲ್ಲ.

ಶಕ್ತಿ ನೋಡ್ಬೇಕು ಅಂದ್ರೆ ನಮ್ಮ ಕುಂದಾಪುರದ ವೇಟ್‌ಲಿಫ್ಟರ್ ಗುರುರಾಜ ಪೂಜಾರಿನ ನೋಡು. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್‌ನಲ್ಲಿ 61 ಕೆಜಿ ವಿಭಾಗದಲ್ಲಿ ಕಂಚು, ಕ್ಲೀನ್ ಅಂಡ್ ಜರ್ಕ್‌ನಲ್ಲಿ (ಭಾರನ ಮೊದ್ಲು ಭುಜಕ್ಕೆ, ಆಮೇಲೆ ತಲೆ ಮೇಲಕ್ಕೆ ಎತ್ತೋದು) ಎತ್ತಿದ್ದು 151 ಕೆಜಿ. ನಿನಗಿಂತ 20 ಕೆಜಿ ಕಮ್ಮಿ ಇರೋ ಮನುಷ್ಯ, ತನ್ನ ತೂಕದ ಹತ್ರ ಹತ್ರ ಎರಡೂವರೆ ಪಟ್ಟು! ಅಲ್ಲಿ ದಪ್ಪ ಆದ್ರೆ ವಿಭಾಗಾನೇ ಬದಲಾಗುತ್ತೆ, ಅದಕ್ಕೆ ಅವರು ಗಾತ್ರದ ಹಿಂದೆ ಬೀಳಲ್ಲ, ಶಕ್ತಿ ಬರೋಕೆ ನರಗಳು ಪಳಗಬೇಕು, ಟೆಕ್ನಿಕ್ ಕೂರಬೇಕು.

ಈಗ ಆ ಕೋರ್ಸ್. ಜಿಮ್‌ನಲ್ಲಿ ಬಾಡಿ ಬರುತ್ತೆ ಅಂತ ಹಾಕೋದು ಸಾಮಾನ್ಯವಾಗಿ ಸ್ಟೆರಾಯ್ಡ್, ಅಂದ್ರೆ ಟೆಸ್ಟೋಸ್ಟೆರಾನ್ ಅನ್ನೋ ಗಂಡಸರ ಹಾರ್ಮೋನು, ಇಲ್ಲಾ ಅದರ ಥರದ್ದೇ. ಹೊರಗಿಂದ ಟೆಸ್ಟೋಸ್ಟೆರಾನ್ ಬಂತು ಅಂದ್ರೆ ಮಿದುಳು ಇನ್ನು ನೀನು ಮಾಡ್ಬೇಡ ಅಂತ ವೃಷಣಕ್ಕೆ ಹೇಳ್ಬಿಡುತ್ತೆ. ಅದು ಚಿಕ್ಕದಾಗುತ್ತೆ, ವೀರ್ಯಾಣು ಕುಸಿಯುತ್ತೆ, ನಿಲ್ಲಿಸಿದ್ಮೇಲೂ ಮೊದಲಿನ ಹಾಗಾಗೋಕೆ ತಿಂಗಳುಗಟ್ಟಲೆ ಬೇಕು, ಕೆಲವರಿಗೆ ವರ್ಷ ದಾಟುತ್ತೆ. ಕೆಲವರಿಗೆ ಎದೆ ಹೆಂಗಸರ ಥರ ಬೆಳೆಯುತ್ತೆ, ಒಳ್ಳೆ ಕೊಲೆಸ್ಟ್ರಾಲ್ ಇಳಿಯುತ್ತೆ, ಹೃದಯದ ಗೋಡೆ ದಪ್ಪ ಆಗ್ಬಹುದು. ಮದುವೆ ಹೊಸ್ತಿಲಲ್ಲಿ ಇದು ಬೇಕಾ? ಇನ್ನೊಂದು, ಆಗಲೇ ಹೇಳಿದ 9 ಜನ ಇದಾರಲ್ಲ, ಅಷ್ಟೂ ಜನ ಸ್ಟೆರಾಯ್ಡ್ ತಗೊಂಡೋರೇ. ತಗೊಂಡ್ರೂ ಕನ್ನಡೀಲಿ ಸಣ್ಕಲೇ. ನಿನ್ ಟ್ರೈನರ್ ಇದನ್ನ ಹೇಳಲ್ಲ ಬಿಡು, ಅವನಿಗೆ ವ್ಯಾಪಾರ.

ಟೇಪ್‌ನ ಅಮ್ಮನ ಕೈಗೆ ಕೊಡು, ತಿಂಗಳಿಗೆ ಒಂದೇ ಸಲ. ವಾರಕ್ಕೊಂದು ದಿನ ಜಿಮ್ ಬಿಡು, ಆವತ್ತು ಮೈ ಜುಮ್ ಅಂತ ತಳಮಳ ಆಗುತ್ತೆ, ಆಗ್ಲಿ. ಕಾಲೇಜಿನ ‘ಕಡ್ಡಿ’ ಮಾತು ಇನ್ನೂ ಚುಚ್ತಿದೆ ಅನ್ಸುತ್ತೆ (ನಮ್ಮಲ್ಲಿ ನೆಂಟರು ಹೊಸ್ತಿಲು ದಾಟೋ ಮುಂಚೆನೇ ಏನೋ ಸೊರಗಿದೀಯಾ, ಮನೇಲಿ ಊಟ ಹಾಕಲ್ವಾ ಅಂತ ಶುರು, ಅದನ್ನ ಪ್ರೀತಿ ಅನ್ಕೋಬೇಕಂತೆ), ಅದನ್ನ ಆಪ್ತ ಸಮಾಲೋಚಕರ ಹತ್ರ ಬಿಚ್ಚಿ ಹೇಳು. ಯೋಚನೆ ತಿದ್ದೋ ಥೆರಪಿ ಇದೆ, ಬೇಕಾದ್ರೆ ಮಾತ್ರೆನೂ ಇದೆ. ಎಲ್ಲಿ ಶುರು ಮಾಡ್ಲಿ ಅಂದ್ರೆ ಸರ್ಕಾರದ ಟೆಲಿ ಮಾನಸ್, 14416, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ಬಹುದು.

ಇಷ್ಟೆಲ್ಲಾ ನೀನು ಇನ್ನೂ ಏನೂ ತಗೊಂಡಿಲ್ಲ ಅನ್ಕೊಂಡು ಬರೆದೆ. ಆಗಲೇ ಒಂದೆರಡು ಹಾಕಿಸ್ಕೊಂಡಿದ್ರೆ ಡಾಕ್ಟರ್ ಹತ್ರ ಮುಚ್ಚಿಡ್ಬೇಡ, ಬಾಟ್ಲಿನೇ ತಗೊಂಡು ಹೋಗಿ ತೋರ್ಸು. ಅವರೇನು ಪೊಲೀಸ್ ಅಲ್ಲ, ಯಾವ ಟೆಸ್ಟ್ ಮಾಡ್ಸ್ಬೇಕು ಅಂತ ಹೇಳ್ತಾರೆ ಅಷ್ಟೇ.