ಹಿತ್ತಲಿನ ಪ್ರಶ್ನೋತ್ತರ: ಲೆಮನ್ ಬಾಮ್ ಎಲೆ ಏಕೆ ಸುಡುತ್ತಿದೆ?

ಪ್ರಶ್ನೆ: ಅಕ್ಕಾ, ನರ್ಸರಿಯಿಂದ ತಂದ ಲೆಮನ್ ಬಾಮ್ ಗಿಡವನ್ನು ಪ್ಲಾಸ್ಟಿಕ್ ಕುಂಡದಲ್ಲಿ ಹೊಲದ ಕರಿಮಣ್ಣು ತುಂಬಿ ಮಾಳಿಗೆಯ ಮೇಲೆ ಇಟ್ಟಿದ್ದೇನೆ. ಚಳಿಗಾಲದಲ್ಲಿ ಚೆನ್ನಾಗಿಯೇ ಬೆಳೆಯಿತು. ಮಾರ್ಚ್ ಬಂದ ಮೇಲೆ ಎಲೆಯ ಅಂಚು ಸುಡುತ್ತಿದೆ. ಒಣಗಿಸಿ ಡಬ್ಬಿಗೆ ತುಂಬಿದ ಎಲೆಗೆ ವಾಸನೆಯೇ ಇಲ್ಲ. ಅತ್ತೆಯವರಿಗೆ ಇದರ ಚಹಾ ಮಾಡಿಕೊಡುವ ಆಸೆ. ಏನು ಮಾಡಲಿ?
– ಓದುಗರೊಬ್ಬರು, ಕಲಬುರಗಿ

ಉತ್ತರ: ತಂಗೀ, ಕುಂಡವನ್ನು ಇಂದೇ ಮಾಳಿಗೆಯಿಂದ ಇಳಿಸಿ. ಇದು ಪುದೀನದ ಬಳಗದ ಗಿಡ, ತವರು ಮೆಡಿಟರೇನಿಯನ್ ಕಡೆ. ಅಲ್ಲಿಯ ಬಿಸಿಲು ತಾಳುತ್ತದೆ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ನಮ್ಮ ಬಿಸಿಲು ತಾಳದು. ಶಹಾಬಾದ್ ಕಲ್ಲು ಕಾದರೆ ಪ್ಲಾಸ್ಟಿಕ್ ಕುಂಡದೊಳಗೆ ಬೇರೂ ಬೇಯುತ್ತದೆ. ಮನೆಯ ಪೂರ್ವದ ಗೋಡೆಯ ಬದಿ ಹುಡುಕಿ: ಬೆಳಗಿನ ಎಳೆಬಿಸಿಲು ಸಿಗಬೇಕು, ಹತ್ತು ಗಂಟೆಯ ನಂತರ ನೆರಳು ಬೀಳಬೇಕು. ನನ್ನ ಗಿಡಗಳು ನುಗ್ಗೆಮರದ ಬುಡದಲ್ಲಿ ಮಣ್ಣಿನ ಕುಂಡಗಳಲ್ಲಿವೆ.

ತೊಗರಿಗೆ ಒಪ್ಪುವ ಕರಿಮಣ್ಣು ಕುಂಡಕ್ಕೆ ಒಪ್ಪುವುದಿಲ್ಲ. ನೀರು ಬಿದ್ದರೆ ಅಂಟಾಗಿ ಬೇರು ಕೊಳೆಯುತ್ತದೆ, ಒಣಗಿದರೆ ಬಿರಿದು ಬೇರು ಹರಿಯುತ್ತದೆ. ಅದಕ್ಕೆ ಸಮಪಾಲು ಮರಳು, ಸಮಪಾಲು ಹಳೆಯ ಸಗಣಿ ಗೊಬ್ಬರ ಬೆರೆಸಿ. ಬೀದರ್ ಕಡೆ ನೆಂಟರಿದ್ದರೆ ಕರಿಮಣ್ಣಿನ ಬದಲು ಅಲ್ಲಿಯ ಕೆಂಪು ಮಣ್ಣನ್ನೇ ತರಿಸಿಕೊಳ್ಳಿ.

ಬೇಸಿಗೆಯಲ್ಲಿ ಕೊಯ್ಲಿನ ಆಸೆ ಬಿಡಿ. ಸುಟ್ಟ ಎಲೆ ಚಿವುಟಿ, ಗಿಡ ಉಳಿಸಿಕೊಂಡರೆ ಸಾಕು. ನಮ್ಮಲ್ಲಿ ಒಳ್ಳೆಯ ಕೊಯ್ಲು ನವೆಂಬರ್‌ನಿಂದ ಫೆಬ್ರುವರಿಯವರೆಗೆ. ಹೂ ಬಿಡುವ ಮೊದಲೇ, ಬೆಳಿಗ್ಗೆ ಇಬ್ಬನಿ ಆರಿದ ಕೂಡಲೇ ಕತ್ತರಿಸಿ. ಒಂದು ಜೋಡಿ ಎಲೆಯ ಸ್ವಲ್ಪ ಮೇಲೆ ಕತ್ತರಿ ಆಡಿಸಿದರೆ ಆ ಎರಡೂ ಎಲೆಗಳ ಬುಡದಿಂದ ಹೊಸ ಚಿಗುರು ಬರುತ್ತದೆ. ಒಂದೇ ಸಲಕ್ಕೆ ಮೂರನೇ ಒಂದು ಪಾಲಿಗಿಂತ ಹೆಚ್ಚು ತೆಗೆಯಬೇಡಿ.

ವಾಸನೆ ಹೋದದ್ದು ಒಣಗಿಸಿದ ರೀತಿಯಿಂದಲೇ ಇರಬೇಕು. ಹಪ್ಪಳ, ಸಂಡಿಗೆಯಂತೆ ಇದನ್ನೂ ಮಾಳಿಗೆಯಲ್ಲಿ ಹರಡಿದ್ದೀರಿ ಎಂದುಕೊಳ್ಳುತ್ತೇನೆ. ಇದರ ಪರಿಮಳವೆಲ್ಲ ಸಿಟ್ರಾಲ್‌ನಂಥ ಹಗುರ ಎಣ್ಣೆಗಳಲ್ಲಿದೆ, ಬಿಸಿಲಿಗೆ ಅವು ಹಾರಿಹೋಗುತ್ತವೆ. ಗಾಳಿಯಾಡುವ ಕೋಣೆಯಲ್ಲಿ ಹತ್ತಿಬಟ್ಟೆಯ ಮೇಲೆ ಒಂದೇ ಪದರವಾಗಿ ಹರಡಿ, ಗರಿಗರಿಯಾದ ಮೇಲೆ ಪುಡಿ ಮಾಡದೆ ಬಿಗಿ ಮುಚ್ಚಳದ ಡಬ್ಬಿಗೆ ತುಂಬಿ ಕತ್ತಲಲ್ಲಿಡಿ. ಆದರೂ ನನ್ನ ಮಟ್ಟಿಗೆ ಹಸಿ ಎಲೆಯ ರುಚಿಯೇ ರುಚಿ. ಎಲೆಯನ್ನು ಕುದಿಸಬೇಡಿ, ಕುದಿದ ನೀರನ್ನು ಅದರ ಮೇಲೆ ಸುರಿದು ಐದು ನಿಮಿಷ ತಟ್ಟೆ ಮುಚ್ಚಿಡಿ.

ಅತ್ತೆಯವರು ಥೈರಾಯ್ಡ್ ಅಥವಾ ನಿದ್ದೆಯ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರನ್ನು ಕೇಳಿಯೇ ಕೊಡಿ.