ಗಾಲ್ಫ್ ಚೆಂಡು ತಲೆಗೆ ಬಿದ್ರೆ ಯಾರು ಹೊಣೆ?

ಪ್ರಶ್ನೆ: ಮಗಳು ಎಡಿನ್‌ಬರೋದಲ್ಲಿದಾಳೆ, ಗಾಲ್ಫ್ ಟೂರ್ನಮೆಂಟ್ ನೋಡೋಕೆ ಕರ್ಕೊಂಡು ಹೋಗ್ತಾಳಂತೆ ಸರ್. ಟಿಕೆಟ್ ಮೇಲೆ ‘ಗಾಯ ಆದ್ರೆ ನಾವು ಹೊಣೆ ಅಲ್ಲ’ ಅಂತಿದ್ರೆ ಪರಿಹಾರ ಕೇಳೋ ಹಾಗೇ ಇಲ್ವಾ?
– ಒಬ್ಬ ಓದುಗರು, ಮೈಸೂರು

ಉತ್ತರ: ಕೇಳಬಹುದಮ್ಮ. ಬ್ರಿಟನ್ನಿನ 2015ರ ಗ್ರಾಹಕ ಹಕ್ಕು ಕಾಯ್ದೆ ಪ್ರಕಾರ ಆಯೋಜಕರ ನಿರ್ಲಕ್ಷ್ಯದಿಂದ ಗಾಯವಾದ್ರೆ ಆ ಒಂದು ಸಾಲು ಬರೆದು ಕೈತೊಳ್ಕೊಳ್ಳೋಕೆ ಆಗಲ್ಲ, ಆದ್ರೆ ಚೆಂಡು ಬಿತ್ತು ಅಂದ ಮಾತ್ರಕ್ಕೆ ದುಡ್ಡು ಬರಲ್ಲ, ನಿರ್ಲಕ್ಷ್ಯ ಇತ್ತು ಅಂತ ತೋರಿಸ್ಬೇಕು, ಪ್ರೇಕ್ಷಕರನ್ನ ತಡೆಯೋ ಹಗ್ಗ ಎಲ್ಲಿ ಕಟ್ಟಿದ್ರು, ಎಚ್ಚರಿಕೆ ಬೋರ್ಡ್ ಇತ್ತಾ, ‘ಫೋರ್’ (ಚೆಂಡು ಬರ್ತಿದೆ, ಹುಷಾರು ಅಂತ ಗಾಲ್ಫ್‌ನಲ್ಲಿ ಕೂಗೋ ಮಾತು) ಅಂತ ಕೂಗಿದ್ರಾ ಇವೆಲ್ಲ ಬರುತ್ತೆ. 2018ರ ರೈಡರ್ ಕಪ್ ಗಾಲ್ಫ್ ಟೂರ್ನಿಯಲ್ಲಿ, ಪ್ಯಾರಿಸ್ ಹತ್ರ, ಅಮೆರಿಕದ ಆಟಗಾರ ಬ್ರೂಕ್ಸ್ ಕೆಪ್ಕಾ ಹೊಡೆದ ಚೆಂಡಿಗೆ ಒಬ್ಬ ಮಹಿಳೆಯ ಬಲಗಣ್ಣಿನ ದೃಷ್ಟಿಯೇ ಹೋಯ್ತು. ಎಚ್ಚರಿಕೆ ಕೊಡ್ಲಿಲ್ಲ ಅಂತ ಆಕೆ, ಕೂಗಿದ್ವಿ ಅಂತ ಆಯೋಜಕರು. ಸ್ಕಾಟ್ಲೆಂಡಿನ ನಿಡ್ರಿ ಕ್ಯಾಸಲ್ ಗಾಲ್ಫ್ ಕ್ಲಬ್ಬಲ್ಲಿ ಕಣ್ಣು ಕಳ್ಕೊಂಡವರು ಪ್ರೇಕ್ಷಕರಲ್ಲ, ಆಟಗಾರರೇ, ಆದ್ರೂ ಆ ಕೇಸ್ ನಿಮಗೆ ಉಪಯೋಗಕ್ಕೆ ಬರುತ್ತೆ: ಎಚ್ಚರಿಕೆ ಬೋರ್ಡ್ ಇರ್ಲಿಲ್ಲ, 2013ರಲ್ಲಿ ಮೇಲ್ಮನವಿ ಕೋರ್ಟು ಶೇ 80 ಹೊಣೆ ಕ್ಲಬ್ ಮೇಲೆ, ಶೇ 20 ಮಾತ್ರ ಚೆಂಡು ಹೊಡೆದವನ ಮೇಲೆ ಹಾಕ್ತು. ನನ್ನ ಪ್ರಕಾರ ಸರಿಯಾದ ತೀರ್ಪೇ.

ಹಾಗೇನಾದ್ರೂ ಆದ್ರೆ ಜಾಗದ ಫೋಟೋ, ಸಾಕ್ಷಿಗಳ ನಂಬರ್ ಅಲ್ಲೇ ತಗೊಳ್ಳಿ. ದಾವೆಗೆ ಅಲ್ಲಿ ಸಾಮಾನ್ಯವಾಗಿ 3 ವರ್ಷ ಗಡುವು.